ಎರಡನೆಯ ಮೊಳೆ

"ಆ ಅಂಗಿ ಬೇಡ, ಕೊಡಿಲ್ಲಿ," ಎಂದು ತಂಗಿ ಅಣ್ಣನ ಕೈಯಿಂದ ನೀಲಿ ಅಂಗಿಯನ್ನು ಎಳೆದಳು. ಅವನು ಬಿಡಲಿಲ್ಲ. ಇಬ್ಬರ ನಡುವೆ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ, ದರ್ಜಿ ಅಪ್ಪ ಕೊನೆಯ ಸಲ ಮಲಗಿದ್ದ.

"ಅಪ್ಪಂಗೆ ಇಷ್ಟ ಆಗಿದ್ದೇ ಇದು."

"ಸಿಗರೇಟು ನಾತ ಹೊಡೀತಿದೆ."

"ಹೊಡೀಲಿ ಬಿಡೆ. ಅಪ್ಪ ಅಂದ್ರೆ ಅದೇ ವಾಸನೆ ಅಲ್ವಾ?"

"ನಿನಗೆ."

ಪಕ್ಕದಂಗಡಿಯ ಕ್ಷೌರಿಕ ಬಾಗಿಲಲ್ಲಿ ಕೆಮ್ಮಿದ. "ಇವನ ಹತ್ರ ಗಿರಾಕಿಗಳು ಜಗಳ ಆಡೋದು ನೋಡಿದ್ದೆ. ಈಗ ಮಕ್ಕಳ ಸರದಿಯೇನ್ರಪ್ಪಾ? ಬಿಳಿ ಅಂಗಿ ಹಾಕಿ, ಗಾಡಿ ಬಂದಿದೆ."

ಬಿಳಿಯದನ್ನೇ ಹಾಕಿದರು. ನೀಲಿ ಅಂಗಿ ಹಿಂಬಾಗಿಲಾಚೆಯ ಮೊಳೆಗೆ ಮರಳಿತು.

*

ಗಿರಾಕಿಗಳ ಬಟ್ಟೆಗೆ ಹೊಗೆ ಹತ್ತಬಾರದು ಎಂದು ಹೇಳಿ ಅಪ್ಪ ಹಿಂದಿನ ಮೆಟ್ಟಿಲಲ್ಲಿ ಮಾತ್ರ ಸೇದುತ್ತಿದ್ದ. ಮೊಳೆಗೆ ತೂಗುಹಾಕಿದ ನೀಲಿ ಅಂಗಿ ತೊಟ್ಟು ಸೇದಿ, ಬಿಚ್ಚಿಟ್ಟು, ಕೈ ತೊಳೆದು ಒಳಗೆ ಬರುತ್ತಿದ್ದ.

ಅಣ್ಣ ಹದಿನಾರರಲ್ಲಿ ಕದ್ದು ಸೇದಿ ಸಿಕ್ಕಿಬಿದ್ದ. ಈಗ ಬೀಳುತ್ತದೆ ಪೆಟ್ಟು ಎಂದು ತಂಗಿ ಆಸೆಯಿಂದಲೇ ಕಾದಳು. ಅಪ್ಪ ಕೊರಳಿನ ಟೇಪು ತೆಗೆದು ಅವನ ಭುಜ ಅಳೆದ. ಮರುದಿನ ಅಲ್ಲಿ ಎರಡನೆಯ ಮೊಳೆ, ಅದರಲ್ಲೊಂದು ನೀಲಿ ಅಂಗಿ. ಅವನು ಬೆಳೆದ ಹಾಗೆಲ್ಲ ಹೊಸದು ಹೊಲಿದುಕೊಟ್ಟ.

ಅಂದಿನಿಂದ ಊಟವಾದ ಮೇಲೆ ಹಿಂಬಾಗಿಲು ಮುಚ್ಚುತ್ತಿತ್ತು. ಆಚೆ ನಗು. ಅವಳು ಪಾತ್ರೆ ಉಜ್ಜುತ್ತಾ ಕಿವಿಗೊಡುತ್ತಿದ್ದಳು. ತೆರೆದರೆ ಮಾತು ನಿಲ್ಲುತ್ತಿತ್ತು. "ಒಳಗೆ ಹೋಗಮ್ಮಾ, ಹೊಗೆ."

ಅವಳ ಮದುವೆಯ ಬಟ್ಟೆಯನ್ನೂ ಅಪ್ಪನೇ ಹೊಲಿದ. ತೊಟ್ಟು ನಿಂತಾಗಲೂ ಅವಳ ಕಣ್ಣು ಹಿಂಬಾಗಿಲ ಕಡೆಗೇ ಇತ್ತು.

*

ಎಲ್ಲ ಮುಗಿಸಿ ಬಂದಾಗ ಅಣ್ಣ ತನ್ನ ನೀಲಿ ಅಂಗಿ ತೊಟ್ಟು ಮೆಟ್ಟಿಲ ಮೇಲೆ ಸಿಗರೇಟು ಹಚ್ಚಿದ್ದ. ಅವಳು ಪಕ್ಕದಲ್ಲಿ ಕುಳಿತಳು.

"ನಂಗೂ ಒಂದು ಕೊಡು."

"ತಲೆ ಕೆಟ್ಟಿದ್ಯೇನೆ?"

"ಇಷ್ಟು ವರ್ಷ ಇಲ್ಲಿ ಕೂತು ಏನ್ ಮಾತಾಡ್ತಿದ್ರಿ?"

"ಗುಂಡಿ, ಕಾಜ, ಮಳ್ಳ ಗಿರಾಕಿಗಳು. ಇನ್ನೇನು?"

"ಸುಳ್ಳು."

ಅಣ್ಣ ಬೂದಿ ಕೊಡವಿದ. "ಈ ಮೊಳೆ ಗಿರಾಕಿಗಳಿಗೋಸ್ಕರ ಅಂತ ನೀನೂ ನಂಬಿದ್ಯಾ? ನೀನು ಹುಟ್ಟೋವರೆಗೂ ಅಪ್ಪ ಮೆಷಿನ್ ಮುಂದೆ ಕೂತೇ ಸೇದ್ತಿದ್ದ. ನಾನು ಅದರ ಬುಡದಲ್ಲೇ ಮಲಗ್ತಿದ್ದೆ. ಕೂಸು ನೀನು, ಕೆಮ್ಮಿದೆ ನೋಡು, ಆವತ್ತೇ ಎದ್ದು ಹೊರಗೆ ಬಂದ. ನನಗೋಸ್ಕರ ಯಾವತ್ತು ಕಣೇ ಅಂಗಿ ಬದಲಾಯಿಸಿದ? ನಿನ್ನ ಕಂಡ್ರೆ ಹೊಟ್ಟೆ ಉರೀತಿತ್ತು."

ಆ ಉರಿ ಅವಳಿಗೆ ಚೆನ್ನಾಗಿ ಗುರುತಿತ್ತು.

ಬಾಗಿಲು ತೆರೆಯಿತು. ಅವಳ ಮಗ, ಕಾಲೇಜಿಗೆ ಹೋಗುವವನು, ಮೊಳೆಯಿಂದ ಅಜ್ಜನ ಅಂಗಿ ತೆಗೆದು ತೊಟ್ಟುಕೊಂಡ.

"ಮಾಮಾ, ನೋಡು! ನನ್ನ ಅಳತೆಗೇ ಹೊಲಿದ ಹಾಗಿದೆ."

ಕೂರಲು ಜಾಗ ಹುಡುಕುತ್ತಾ ಅವನು ಜೇಬಿಗೆ ಕೈ ಇಳಿಸಿದ. ಬೆಂಕಿಪೊಟ್ಟಣ ಸದ್ದು ಮಾಡಿತು.

ಅಣ್ಣ ಸಿಗರೇಟನ್ನು ಮೆಟ್ಟಿಲಿಗೆ ಒತ್ತಿದ. "ಬಿಚ್ಚು."

"ಸುಮ್ನೆ ಹಾಕ್ಕೊಂಡೆ ಮಾಮಾ."

"ಬಿಚ್ಚೋ. ಒಳಗೆ ಹೋಗು."

ಅಣ್ಣ ತನ್ನ ಅಂಗಿಯನ್ನೂ ಬಿಚ್ಚಿ ಬನಿಯನ್ನಿನಲ್ಲಿ ನಿಂತ. ತಂಗಿ ನಲ್ಲಿಯ ಕೆಳಗೆ ಬಕೆಟ್ಟು ಎಳೆದಳು. ಎರಡೂ ಅಂಗಿಗಳು ಮುಳುಗಿದವು. ನೀರು ಚಹಾದ ಬಣ್ಣಕ್ಕೆ ತಿರುಗಿತು. ಅಣ್ಣ ಚೆಲ್ಲಿದ, ಅವಳು ನಲ್ಲಿ ತಿರುಗಿಸಿದಳು. ಮತ್ತೆ ಅದೇ ಬಣ್ಣ. ತೋಳುಗಳು ಒಂದಕ್ಕೊಂದು ಸುತ್ತಿಕೊಂಡು, ಯಾವುದು ಯಾರದೆಂದು ಬಿಡಿಸಲಾಗದಂತೆ, ನೀರಿನಲ್ಲಿ ತಿರುಗುತ್ತಿದ್ದವು.