ಪಾಲಿಗೆ ಕೊಟ್ಟ ಹಾಡು

ಮುತ್ತವ್ವನನ್ನು ಕೂಡಿಸಲು ಪಡಸಾಲೆಯಲ್ಲಿ ಜಾಗವೇ ಇರಲಿಲ್ಲ. ತಬಸುಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕ್ಯಾಸೆಟ್ಟಿನ ರಟ್ಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಅಂಗಳಕ್ಕೆ ಎಳೆದು ಹಾಕುತ್ತಿದ್ದಳು. ಮಾರಾಟವಾಗದೆ ಅಂಗಡಿಯವರು ವಾಪಸು ಕಳಿಸಿದ ಪೆಟ್ಟಿಗೆಗಳು. ಎಷ್ಟೋ ವರ್ಷದಿಂದ ಗೋಡೆಗೆ ಇನ್ನೊಂದು ಗೋಡೆಯಾಗಿ ನಿಂತಿದ್ದವು.

“ಹಗೂರಕ ಎಳಿಯವಾ, ಒಳಗ ನಾ ಅದೀನಿ,” ಎಂದ ಕಲಾದಗಿಯ ನಿಂಗಣ್ಣ. ಭಜನೆಯವರನ್ನು ಕರೆದುಕೊಂಡು ಆಗಷ್ಟೇ ಟೆಂಪೋ ಇಳಿದಿದ್ದ. ಅವಳ ಕೈಯಲ್ಲಿದ್ದ ಪೆಟ್ಟಿಗೆಯ ಮೇಲೆ ಅವನದೇ ಚಿತ್ರವಿತ್ತು, ಮೀಸೆ ಕರ್ರಗಿದ್ದ ಕಾಲದ್ದು.

“ನೀವ ಎಲ್ಲಾರಕಿಂತ ಭಾರ ಅದೀರಿ ಕಾಕಾ. ಒಬ್ರೂ ಕೊಳ್ಳಲಿಲ್ಲ ನಿಮ್ಮನ್ನ.”

ಸತ್ತ ಮನೆ ಎನ್ನುವುದನ್ನು ಮರೆತು ಬಾಗಿಲಲ್ಲಿ ನಿಂತವರು ನಕ್ಕರು. ಒಳಗೆ ಹೆಂಗಸರು ಮುತ್ತವ್ವನಿಗೆ ಮೈ ತೊಳೆದು, ವಿಭೂತಿ ಹಚ್ಚಿ, ಅವಳು ತನ್ನ ಕೈಯಾರೆ ನೇಯ್ದ ಸೀರೆಯನ್ನೇ ಉಡಿಸಿದ್ದರು. ಪೆಟ್ಟಿಗೆಗಳು ಸರಿದ ಜಾಗದಲ್ಲಿ, ಗೋಡೆಗೆ ಆನಿಸಿ, ಬಾಗಿಲಿಗೆ ಮುಖ ಮಾಡಿ ಅವಳನ್ನು ಕೂಡಿಸಿದರು. ಕೊರಳಲ್ಲಿ ಹೂವು ಬೀಳುತ್ತಲೇ ತಾಳ ಶುರುವಾಯಿತು. ಓಣಿಯ ಮಗ್ಗಗಳು ನಸುಕಿನಿಂದಲೇ ಬಂದ್ ಆಗಿದ್ದವು.

ಇಲಕಲ್ಲಿನಲ್ಲಿ ಅವಳನ್ನು ಬರೀ ಮುತ್ತವ್ವ ಎಂದು ಕರೆದವರು ಕಡಿಮೆ. ಕ್ಯಾಸೆಟ್ ಮುತ್ತವ್ವ. ಹಗಲು ಸೀರೆ ನೇಯುವುದು, ಹೊತ್ತು ಇಳಿದ ಮೇಲೆ ಕ್ಯಾಸೆಟ್ಟಿಗೆ ಹಾಡು ತುಂಬಿಸುವುದು. ‘ಪಡಸಾಲಿ ಆಡಿಯೋ’ ಎಂಬ ಅವಳ ಕಂಪನಿ ಹುಟ್ಟಿದ್ದೂ ಬೆಳೆದದ್ದೂ ಈ ಒಂದು ಕೋಣೆಯಲ್ಲಿ. ಹದಿನೆಂಟು ವರ್ಷದವಳಿದ್ದಾಗ ಕ್ಯಾಸೆಟ್ಟಿಗೆ ಚೀಟಿ ಅಂಟಿಸಲು ಬಂದ ತಬಸುಮಳ ತಲೆಯಲ್ಲಿ ಈಗ ಬಿಳಿ ಕೂದಲು.

ಮುತ್ತವ್ವನ ತಮ್ಮನ ಮಗ ಶಿವಪ್ರಕಾಶ ಅವಳನ್ನು ಹಿತ್ತಲಿಗೆ ಕರೆದ.

“ತಬಸುಮಕ್ಕ, ಸಿಟ್ಟಾಗಬ್ಯಾಡ್ರಿ. ಹುಬ್ಬಳ್ಳಿ ಆಡಿಯೋ ಕಂಪನಿಯವ್ರು ಬಂದಾರ. ಅತ್ತಿ ಹಾಡು ಎಲ್ಲಾ ಒಮ್ಮೆಲೆ ತೊಗೋತಾರಂತ.”

“ಮಣ್ಣಾಗೂಕಿಂತ ಮೊದಲ?”

“ಸಂಜಿಗೆ ಹೊಳ್ಳಿ ಹೋಗ್ತಾರ್ರಿ ಅವ್ರು. ಅತ್ತಿಗೆ ಮಕ್ಕಳಿಲ್ಲ, ಎಲ್ಲಾ ನನ್ನ ಹೆಸರಿಗೆ ಬರ್ತೈತಿ. ನಾ ಏನ್ ಮಾಡ್ಲಿ ಇದನ್ನ ಇಟಗೊಂಡು? ನಿಮಗೂ ಒಂದಿಷ್ಟು ಕೊಡ್ತೇನಿ.”

“ನನಗ ರೊಕ್ಕ ಬ್ಯಾಡ ಪ್ರಕಾಶಾ. ನನಗ ಪಡಸಾಲಿ ನಡಸೋದು ಬೇಕು.”

“ನಡಸ್ತೀರಿ, ಹಾಡಽ ಇಲ್ಲಂದ್ರ ಏನ್ ನಡಸ್ತೀರಿ?” ಎಂದ ಅವನು. ಕೆಟ್ಟವನಲ್ಲ, ಅವಸರದವನು.

* * *

ಗಂಡ ಸತ್ತ ವರ್ಷ ಮುತ್ತವ್ವ ಮನೆಯ ಎರಡು ಕೈಮಗ್ಗಗಳಲ್ಲಿ ಒಂದನ್ನು ಮಾರಿ ಟೇಪ್ ರೆಕಾರ್ಡರ್ ಕೊಂಡಳು. ಅದನ್ನು ಚೀಲದಲ್ಲಿಟ್ಟುಕೊಂಡು ಶಿರೂರಿನ ಬಸ್ಸು ಹತ್ತಿದಳು. ಶಿರೂರಿನ ಸಂಗವ್ವ ಮದುವೆ ಮನೆಯಲ್ಲಿ ಹಾಡಿದರೆ ಬೀಗರು ಊಟ ಬಿಟ್ಟು ಎದ್ದು ಬರುತ್ತಿದ್ದರು. ಮುತ್ತವ್ವ ಹೋದಾಗ ಅವಳು ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

“ನಿನ್ನ ಹಾಡು ಕೊಡವಾ. ರೊಕ್ಕ ಕೊಡ್ತೇನಿ.”

“ಮಾರಾಕ ಇವು ನನ್ನವಲ್ಲ. ನಮ್ಮತ್ತಿವು. ಆಕೀಗೆ ಅವರವ್ವ ಕೊಟ್ಟಿದ್ಲು.”

“ಹಂಗಂದ್ರ ಹೆಂಗ ಮಾಡೋಣು?”

ಸಂಗವ್ವ ಮೊರ ಕೆಳಗಿಟ್ಟಳು. “ಪಾಲಿಗೆ ಮಾಡು. ನಮ್ಮ ಹೊಲಾನೂ ಪಾಲಿಗೆ ಕೊಟ್ಟೇವಿ. ಬಿತ್ತಾವ ಬಿತ್ತತಾನ, ಬೆಳದದ್ರಾಗ ಅರ್ಧಾ ತಂದು ನಮ್ಮ ಮನ್ಯಾಗ ಹಾಕತಾನ. ಹೊಲ ನಮ್ದ ಇರ್ತೈತಿ.”

“ಬೀಜ, ಗೊಬ್ಬರ?”

“ಬಿತ್ತಾವಂದು,” ಎಂದಳು ಸಂಗವ್ವ, ಕಣ್ಣು ಪಿಳುಕಿಸದೆ.

ಒಕ್ಕಲುತನ ಗೊತ್ತಿದ್ದವರು ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದರು. ಬೀಜ ಗೊಬ್ಬರದ ಖರ್ಚಿನಲ್ಲೂ ಅರ್ಧ ಹೊಲದವರದು ಎನ್ನುತ್ತಿದ್ದರು. ಮುತ್ತವ್ವ ನೇಕಾರರ ಮನೆಯವಳು, ನೂಲಿನ ಲೆಕ್ಕ ಬಿಟ್ಟರೆ ಮಣ್ಣಿನ ಲೆಕ್ಕ ಅರಿಯದವಳು. ಹೂಂ ಎಂದುಬಿಟ್ಟಳು. ಮಾತು ಊರಿಂದೂರಿಗೆ ಹರಡಿತು. ಕಲಾದಗಿಯವರೂ ಹುನಗುಂದದವರೂ ಬಾದಾಮಿ ಕಡೆಯವರೂ ಅದೇ ಕರಾರು ಕೇಳಿದರು. ಅವಳು ಎಲ್ಲರಿಗೂ ಹೂಂ ಎಂದಳು.

* * *

“ಅವ್ವಾ, ಮೊದಲ ಖರ್ಚು ಕಳೀಬೇಕು. ಆಮ್ಯಾಲ ಅರ್ಧಾ,” ಎಂದು ತಬಸುಮ ಅದೆಷ್ಟು ಸಲ ಹೇಳಿದ್ದಳೋ.

ಬಾಗಲಕೋಟೆಯಲ್ಲಿ ಸ್ಟುಡಿಯೋ ಬಾಡಿಗೆ ಗಂಟೆಯ ಲೆಕ್ಕದಲ್ಲಿ ಓಡುತ್ತಿತ್ತು. ಹಾಡುವವರು ಚಹಾ ಕುಡಿಯುವಾಗಲೂ ಓಡುತ್ತಿತ್ತು. ಖಾಲಿ ಕ್ಯಾಸೆಟ್ಟು, ಬಣ್ಣದ ಹೊದಿಕೆಯ ಛಾಪಾಯಿ, ತಬಲಾದವನ ಕೂಲಿ, ಎಲ್ಲರ ಬಸ್ಸು, ಎಲ್ಲರ ಊಟ. ಅಂಗಡಿಯವರು ಮಾರಿದರೆ ದುಡ್ಡು, ಇಲ್ಲದಿದ್ದರೆ ವಾಪಸು ಎಂಬ ಮಾತಿನ ಮೇಲೆ ಇಟ್ಟುಕೊಳ್ಳುತ್ತಿದ್ದರು. ಒಂದು ಹಾಡು ಓಡಿತೋ, ವಾರದೊಳಗೆ ಅದರ ಕಳ್ಳ ಪ್ರತಿ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಬೆಲೆಗೆ. ಇಷ್ಟೆಲ್ಲ ಆಗಿಯೂ ಬಂದದ್ದರಲ್ಲಿ ಅರ್ಧ ಹಾಡಿದವರಿಗೆ ಹೋಗುತ್ತಿತ್ತು. ಏನೂ ಬಾರದ ವರ್ಷ ಹಾಡಿದ ಹೆಣ್ಣುಮಕ್ಕಳಿಗೆ ಕುಪ್ಪಸಕ್ಕೆಂದು ಒಂದೊಂದು ಗುಳೇದಗುಡ್ಡದ ಖಣ.

“ಉಳದ ಅರ್ಧದಾಗ ಖರ್ಚಽ ಹೊಂಡಂಗಿಲ್ಲ. ನಮಗೇನು ಉಳೀತು?”

“ಮಗ್ಗ ಐತೆಲ್ಲ,” ಎನ್ನುತ್ತಿದ್ದಳು ಮುತ್ತವ್ವ, ಲಾಳಿ ಎಸೆಯುತ್ತಲೇ. “ಒಂದು ಸೀರಿ ಇಳದ್ರ ಒಂದು ಹಾಡು ಏರ್ತೈತಿ. ನಾ ಏನು ಭಿಕ್ಷಾ ಬೇಡಾಕ ಹೋಗೇನೇನು?”

ಕ್ಯಾಸೆಟ್ಟಿನ ಕಾಲ ಮುಗಿದು ಸೀಡಿ ಬಂತು, ಸೀಡಿ ಹೋಗಿ ಫೋನು ಬಂತು. ತಬಸುಮ ಹಳೆಯ ಹಾಡುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಒಂದೊಂದಾಗಿ ಜನ ಫೋನಿನಲ್ಲಿ ಕೇಳುವ ಜಾಲತಾಣಕ್ಕೆ ಏರಿಸಿದಳು. ಈಗ ಕ್ಯಾಸೆಟ್ಟು ಕೊಳ್ಳುವಂತಿಲ್ಲ, ಛಾಪಾಯಿ ಇಲ್ಲ, ವಾಪಸು ಬರಲು ಪೆಟ್ಟಿಗೆಯೇ ಇಲ್ಲ. ಹೊಸ ಹಾಡು ತುಂಬಿಸುವ ಖರ್ಚಷ್ಟೇ. ತಿಂಗಳಿಗೊಮ್ಮೆ ಬ್ಯಾಂಕಿಗೆ ದುಡ್ಡು ಬರತೊಡಗಿತು. ಮೊದಲು ಚಹಾದ ಖರ್ಚಿನಷ್ಟು, ಆಮೇಲೆ ಸೀರೆಯ ಬೆಲೆಯಷ್ಟು, ಆಮೇಲೆ ಅದಕ್ಕಿಂತ ಹೆಚ್ಚು. ಹುಬ್ಬಳ್ಳಿಯವರಿಗೆ ವಾಸನೆ ಬಡಿದದ್ದು ಆಗಲೇ.

* * *

ಹುಬ್ಬಳ್ಳಿ ಕಂಪನಿಯ ಪ್ರವೀಣಕುಮಾರ ದೊಡ್ಡ ಹಾರವನ್ನೇ ತಂದಿದ್ದ. ಹಾಕಿ ಕೈ ಮುಗಿದು, ತುಸು ಹೊತ್ತು ಕಣ್ಣು ಮುಚ್ಚಿ ನಿಂತ. ಆಮೇಲೆ ಅಂಗಳಕ್ಕೆ ಬಂದು ತಬಸುಮಳ ಪಕ್ಕದಲ್ಲಿ ನಿಂತ.

“ಎಂಟು ಲಕ್ಷ ಹೇಳೀನ್ರಿ ಶಿವಪ್ರಕಾಶ ಅವರಿಗೆ. ಒಡಂಬಡಿಕಿ ಕಾಗದ ಎಲ್ಲಾ ನಿಮ್ಮ ಕಡೆ ಅದಾವಂತಲ್ರಿ?”

“ಕಾಗದಾ ಎಲ್ಲಿ ಬರಬೇಕ್ರಿ? ಹೊಲ ಪಾಲಿಗೆ ಕೊಟ್ಟಂಗ ಕೊಟ್ಟಾರ. ಪಾಲಿಗೆ ಮಾಡಿದಾವ ಹೊಲ ಮಾರಾಕ ಬರ್ತೈತೇನ್ರಿ? ಹಾಡು ಹಾಡಿದವರವು.”

“ಅವರನ್ನ ಎಲ್ಲಿ ಹುಡುಕೋದ್ರಿ ನಾವು?”

ತಬಸುಮ ಪಡಸಾಲೆಯ ಕಡೆ ಕೈ ತೋರಿಸಿದಳು. “ಹುಡುಕೋದ್ಯಾಕ? ಎಲ್ಲಾರೂ ಅಲ್ಲೇ ಕುಂತಾರ. ಕೇಳ್ರಿ.”

ಭಜನೆ ಒಂದು ಪದ ಮುಗಿಸಿ ನಿಂತಿತ್ತು. ಪ್ರವೀಣಕುಮಾರ ಪ್ಯಾಂಟು ಮೇಲೆಳೆದುಕೊಂಡು ಅವರ ನಡುವೆ ಕುಕ್ಕರಗಾಲಿನಲ್ಲಿ ಕುಳಿತು, ಮೆಲ್ಲಗೆ ವಿಷಯ ತೆಗೆದ.

“ಮೊದಲ ಅಂಗಳದಾಗಿನ ನನ್ನ ಪೆಟ್ಟಿಗಿ ಒಯ್ರಿ,” ಎಂದ ನಿಂಗಣ್ಣ. “ಆಮ್ಯಾಲ ಮಾತಾಡೋಣಂತ.”

ಹುನಗುಂದದ ಬಾಬುಸಾಬ ಮೊಹರಮ್ಮಿನ ರಿವಾಯತ ಪದ ಹಾಡುವವನು. ಗಡ್ಡ ನೀವುತ್ತ ಕೇಳಿದ: “ನನ್ನ ಹಾಡು ನೀವು ಕೊಂಡ್ರ, ಮೊಹರಮ್ಮಿಗೆ ಹಾಡೂ ಮುಂದ ನಾ ನಿಮ್ಮ ಹುಬ್ಬಳ್ಳಿಗೆ ಬಂದು ಪರವಾನಗಿ ಕೇಳಬೇಕೇನ್ರಿ ಸಾಹೇಬ್ರ?”

ಪ್ರವೀಣಕುಮಾರ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ. ಶಿವಪ್ರಕಾಶನ ಮುಖ ಸಣ್ಣದಾಯಿತು. “ಹಂಗಾರ ನನಗ ಏನೂ ಇಲ್ಲೇನು?”

“ಮನಿ ನಿಂದ, ಮಗ್ಗ ನಿಂದ,” ಎಂದಳು ತಬಸುಮ. “ಪಡಸಾಲಿಗೆ ಬಾಡಿಗಿ ಕೊಡ್ತೇನಿ. ಪುಕಟಿ ಬ್ಯಾಡ ನನಗ.”

ಗೋಡೆಗೆ ಒರಗಿ ಕುಳಿತಿದ್ದ ಶಿರೂರಿನ ಸಂಗವ್ವ ಆಗ ಬಾಯಿ ಬಿಟ್ಟಳು. ಮುಪ್ಪಿನಲ್ಲಿ ಮೈ ಹಿಡಿಯಷ್ಟಾಗಿದ್ದರೂ ದನಿ ಹಾಗೇ ಇತ್ತು.

“ಭಾಳ ಜಿಗೀಬ್ಯಾಡ ತಬಸುಮ. ಪಾಲಿಗೆ ಮಾಡಾಕಿ ಸತ್ತಳು. ಹೊಲ ಹೊಳ್ಳಿ ನಮ್ಮ ಕೈಯಾಗ ಬಂತು. ನಿನ್ನ ಕಡೀನೂ ಏನೂ ಇಲ್ಲ ಈಗ.”

“ಖರೇನಽ ಆಯಿ. ಅದಕ್ಕ ಕೇಳಾಕ ನಿಂತೇನಿ.” ತಬಸುಮ ಹೊಸ್ತಿಲಿಗೆ ಬಂದಳು. “ಹಾಡು ನನಗ ಪಾಲಿಗೆ ಕೊಡ್ರಿ. ಆದ್ರ ಕರಾರು ಬ್ಯಾರೆ. ಮೊದಲ ಖರ್ಚು ಕಳೀತೇನಿ, ಆಮ್ಯಾಲ ಅರ್ಧಾ. ಅವ್ವ ಜಲ್ಮಾಪೂರ ನೇದು ನೇದು ನಿಮ್ಮ ಖರ್ಚಿಗೆ ಹಾಕಿದಳು. ನನಗ ನೇಯಾಕ ಬರಂಗಿಲ್ಲ.”

ಹಾಡುವವರು ಒಬ್ಬರನ್ನೊಬ್ಬರು ನೋಡಿಕೊಂಡರು.

“ಹೆಣದ ಮುಂದ ಚೌಕಾಶಿ ಮಾಡ್ತೀಯಲ್ಲಬೇ,” ಎಂದ ನಿಂಗಣ್ಣ.

“ಆಕಿ ಮುಂದಽ ಆಗಲಿ ಕಾಕಾ. ಹಿಂದಿಂದ ಮಾಡಿದ್ರ ಚಲೋ ಅಲ್ಲ.”

ಅಷ್ಟರಲ್ಲಿ ಅಯ್ಯನವರು ಬಂದರು. ಮಾತು ಅಲ್ಲಿಗೇ ನಿಂತಿತು. ಪೂಜೆ ಮುಗಿದು ಮುತ್ತವ್ವನನ್ನು ಎತ್ತಿ, ಬಾಳೆಕಂಬ, ಚೆಂಡು ಹೂವಿನ ವಿಮಾನದಲ್ಲಿ ಕೂಡಿಸಿ, ಕಟ್ಟಿ, ಹೆಗಲು ಕೊಟ್ಟರು. ತಾಳ, ಡಗ್ಗ, ಜಾಂಗಟೆ ಒಮ್ಮೆಗೇ ಎದ್ದವು. ತಬಸುಮ ಹೆಂಗಸರ ಗುಂಪಿನ ಹಿಂದೆ ನಡೆದಳು. ಯಾರೂ ಅವಳಿಗೆ ಹೌದು ಎಂದಿರಲಿಲ್ಲ, ಇಲ್ಲ ಎಂದೂ ಅಂದಿರಲಿಲ್ಲ.

ಓಣಿಯ ಬಾಯಿಗೆ ಬಂದಾಗ ಸಂಗವ್ವ ಕೋಲು ಅಡ್ಡ ಹಿಡಿದಳು. ವಿಮಾನ ನಿಂತಿತು.

“ಇಲ್ಲಿ ನಂದೊಂದು ಪದ ಐತಿ. ನಮ್ಮತ್ತಿದು. ಮಣ್ಣಿಗೆ ಕಳಸೂ ಮುಂದ ಅಷ್ಟ ಹಾಡೋದು. ಮುತ್ತವ್ವಗ ಕೊಟ್ಟಿದ್ದಿಲ್ಲ.” ಗುಂಪಿನಲ್ಲಿ ಕಣ್ಣಾಡಿಸಿದಳು. “ತಬಸುಮ ಎಲ್ಲದಾಳ? ಮಷೀನು ಎಲ್ಲೈತಿ?”

“ಮನ್ಯಾಗ ಐತಿ ಆಯಿ.”

“ಮನ್ಯಾಗಿಟ್ಟು ಏನ್ ಪೂಜಿ ಮಾಡ್ತೀಯೇನು? ತೊಗೊಂಬಾ.”

“ಕರಾರು?”

“ಬೀಜ ಗೊಬ್ಬರದ ಖರ್ಚಿನ್ಯಾಗ ನಂದೂ ಅರ್ಧಾ. ಓಡು, ಹೊತ್ತವರ ಹೆಗಲು ಬೀಳಾಕತ್ತಾವು.”

ತಬಸುಮ ಚಪ್ಪಲಿ ಬಿಟ್ಟು ಓಡಿದಳು. ಹೊತ್ತವರು ಹೆಗಲು ಬದಲಿಸಿದರು. ಹಿಂದೆ ಪ್ರವೀಣಕುಮಾರನ ಕಾರು ಓಣಿಯಿಂದ ಹೊರಬರಲು ದಾರಿಯಿಲ್ಲದೆ ಗುರುಗುಡುತ್ತಿತ್ತು.

“ಸಾಹೇಬ್ರ, ಗಾಡಿ ಬಂದ್ ಮಾಡ್ರಿ,” ಎಂದು ಕೂಗಿದ ನಿಂಗಣ್ಣ. “ಹಾಡಿನ್ಯಾಗ ಆವಾಜ ಬರ್ತೈತಿ.”

ಕಾರು ನಿಂತಿತು. ಬಾಬುಸಾಬ ಡಗ್ಗದ ಮೇಲೆ ಅಂಗೈಯಿಟ್ಟು ಅದರ ಕೊನೆಯ ಗುಂಯ್‌ಗುಡುವಿಕೆಯನ್ನೂ ಅಡಗಿಸಿದ. ತಬಸುಮ ಏದುಸಿರು ಬಿಡುತ್ತ ಬಂದು, ಒಂದು ಕೈಯಲ್ಲಿ ರೆಕಾರ್ಡರನ್ನು ಸಂಗವ್ವನ ಬಾಯಿಯ ಹತ್ತಿರ ಹಿಡಿದು, ಇನ್ನೊಂದು ಕೈಯನ್ನು ‘ತಡೆ’ ಎಂಬಂತೆ ಮೇಲಕ್ಕೆತ್ತಿದಳು. ತನ್ನ ಉಸಿರಿನ ಸದ್ದೂ ಸೇರಬಾರದೆಂದು ಬಾಯಿ ಬಿಗಿಹಿಡಿದಳು. ಊರೇ ಬೀದಿಯಲ್ಲಿ ನಿಂತು ಕಾಯಿತು. ಪುಟ್ಟ ಕೆಂಪು ದೀಪ ಹತ್ತಿತು.

ಎತ್ತಿದ ಕೈಯನ್ನು ಅವಳು ಕೆಳಗಿಳಿಸಿದಳು.