ಕಿಟಕಿಗೆ ನಾಲ್ಕು ಜನ

ಬಸ್ಸು ಹಿಂದಕ್ಕೆ ಬರುತ್ತಿತ್ತು. ಅಲೆವೂರಿನ ಆ ಓಣಿ ಆಟೋರಿಕ್ಷಾಕ್ಕೇ ಬಿಗಿ. ಒಂದು ಬದಿ ಕೆಂಪುಕಲ್ಲಿನ ಪಾಗಾರದ ಗೋಡೆ, ಇನ್ನೊಂದು ಬದಿ ನೀರು ಹರಿಯುವ ತೋಡು. ಡ್ರೈವರ್ ಯೋಗೀಶ್ ಅರ್ಧ ಮೈ ಕಿಟಕಿಯ ಹೊರಗೆ ಹಾಕಿ, ಕುತ್ತಿಗೆ ತಿರುಚಿ ಸ್ಟೇರಿಂಗ್ ಸುತ್ತುತ್ತಿದ್ದ. ಹಿಂದೆ ನಿಂತು ಬಸ್ಸಿನ ಬೆನ್ನು ತಟ್ಟುತ್ತ ‘ಬರ್ಲಿ, ಬರ್ಲಿ’ ಎನ್ನಬೇಕಾಗಿದ್ದ ಕಂಡಕ್ಟರ್ ಭುಜಂಗ ತನ್ನ ಮನೆಯ ಚಾವಡಿಯಲ್ಲಿ ಬಾಳೆಲೆಯ ಮೇಲೆ ಮಲಗಿದ್ದ.

“ಯಾರಾದ್ರೂ ನೋಡಿ ಮಾರಾಯ್ರೇ! ನನಗೆ ಬೆನ್ನಲ್ಲಿ ಕಣ್ಣಿಲ್ಲ!”

ಆಗಷ್ಟೇ ಸ್ಕೂಟರ್ ನಿಲ್ಲಿಸಿದ ಪ್ರತೀಕ್ ಹೆಲ್ಮೆಟ್ಟನ್ನೂ ಕಳಚದೆ ಓಡಿಹೋಗಿ ಬಸ್ಸಿನ ತಗಡು ತಟ್ಟಿದ. ಒಂದು ತಟ್ಟಿದರೆ ನಿಲ್ಲು, ಎರಡು ತಟ್ಟಿದರೆ ಹೋಗು. ಗಾಬರಿಯಲ್ಲಿ ಅವನು ಮೂರು ತಟ್ಟಿದ. ಬಸ್ಸು ಪಾಗಾರಕ್ಕೆ ಮೆಲ್ಲಗೆ ಮುತ್ತಿಟ್ಟು ನಿಂತಿತು.

ಯೋಗೀಶ್ ಇಳಿದು ಬಂದು ಗೀರು ನೋಡಿದ. “ಮೂರಕ್ಕೆ ಎಂತ ಅರ್ಥ ಮಾರಾಯ? ಅರ್ಧ ಹೋಗಿ ಅರ್ಧ ನಿಲ್ಲುವುದಾ?” ಆಮೇಲೆ ಹೆಲ್ಮೆಟ್ಟಿನೊಳಗಿನ ಮುಖ ಗುರುತಾಯಿತು. “ಓ, ನೀನಾ. ಬಂದದ್ದು ಒಳ್ಳೆದಾಯಿತು. ಹೋಗು, ನೀರು ಬಿಡು.”

ಪ್ರತೀಕನನ್ನು ಉಡುಪಿಯ ಸುತ್ತಮುತ್ತ ಗುರುತು ಹಿಡಿಯದ ಹುಡುಗರು ಕಡಿಮೆ. ಕಾಪುವಿನ ಮೀನು ವ್ಯಾಪಾರಿಯ ಮಗ, ಮಣಿಪಾಲದಲ್ಲಿ ರೂಮು, ಯೂಟ್ಯೂಬಿನಲ್ಲಿ ವಿಡಿಯೋ ಗೇಮ್‌ಗಳ ಚಾನೆಲ್ಲು. ಅವನನ್ನು ಮೇಲೆತ್ತಿದ್ದು ಆಟವಲ್ಲ, ಮಿಮಿಕ್ರಿ. ಅದರಲ್ಲೂ ಒಂದೇ ಒಂದು ಸ್ವರ: ‘ಕಂಡಕ್ಟರ್ ರಿವ್ಯೂ’. ಮೂಗಿನಲ್ಲಿ ಎಳೆದು ಎಳೆದು, “ಮುಂದೆ ಹೋಗಿ, ಮುಂದೆ ಹೋಗಿ! ಲೆವೆಲ್ ಎರಡರಲ್ಲಿ ಜಾಗ ಉಂಟು! ಸಾಯುವವರು ಹಿಂದಿನ ಬಾಗಿಲಿಂದ ಇಳಿಯಿರಿ!” ಆ ಸ್ವರದ ಯಜಮಾನ ನಿನ್ನೆ ಮಧ್ಯಾಹ್ನ ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲಿ, ಟ್ರಿಪ್ಪಿನ ನಡುವಿನ ಬಿಡುವಿನಲ್ಲಿ, ಹಿಂದಿನ ಸೀಟಿನಲ್ಲಿ ಕುಳಿತಲ್ಲೇ ಹೋಗಿಬಿಟ್ಟಿದ್ದ. ಕೈಯಲ್ಲಿ ಫೋನು ಇತ್ತಂತೆ.

ಮನೆಯವರು ಅಂಗಳಕ್ಕೂ ಹತ್ತಿಸಲಿಕ್ಕಿಲ್ಲ ಎಂದುಕೊಂಡೇ ಪ್ರತೀಕ್ ಬಂದಿದ್ದ.

“ಯೂಟ್ಯೂಬಿನವರು ಬಂದ್ರು,” ಎಂದು ಭುಜಂಗನ ಅಣ್ಣ ಚೆನ್ನಪ್ಪ ಮದುವೆ ಮನೆಯಲ್ಲಿ ಸ್ವಾಗತಿಸುವವರ ಹಾಗೆ ಎದ್ದು ನಿಂತರು. “ಬನ್ನಿ, ಬನ್ನಿ. ತಮ್ಮನನ್ನು ಫೇಮಸ್ ಮಾಡಿದವರು ನೀವೇ ಅಲ್ವಾ? ನನ್ನ ಅಬುಧಾಬಿಯ ಫ್ರೆಂಡ್ಸೂ ನೋಡಿದ್ದಾರೆ.”

ಪ್ರತೀಕ್ ತುಳಸಿ ಎಲೆಯಿಂದ ಭುಜಂಗನ ಬಾಯಿಗೆ ನೀರು ಬಿಟ್ಟ. ನೀರು ತುಟಿಯ ಅಂಚಿನಿಂದ ಜಾರಿ ಗಲ್ಲಕ್ಕೆ ಇಳಿಯಿತು. ಹೆಸರು ಭುಜಂಗ, ಆದರೆ ಆ ಮನುಷ್ಯ ಬುಸುಗುಟ್ಟಿದ್ದನ್ನು ಯಾರೂ ಕೇಳಿರಲಿಲ್ಲ. ಆ ಬಸ್ಸಿನಲ್ಲಿ ಬುಸುಗುಟ್ಟುತ್ತಿದ್ದುದು ಬ್ರೇಕು ಮಾತ್ರ.

* * *

ಕಾಲೇಜಿನ ದಿನಗಳಲ್ಲಿ ಪ್ರತೀಕ್ ದಿನಾ ಮಣಿಪಾಲದಿಂದ ಕಾರ್ಕಳದ ಕಡೆಗೆ ಹೋಗುತ್ತಿದ್ದುದು ಅದೇ ಬಸ್ಸಿನಲ್ಲಿ. ಹತ್ತಿದ ಮೊದಲ ದಿನವೇ ಭುಜಂಗ ಅವನ ಭುಜ ಹಿಡಿದು ಕಿಟಕಿಯ ಬದಿಗೆ ಕೂರಿಸಿದ್ದ.

“ನನಗೆ ಈಚೆ ಸಾಕು ಭುಜಂಗಣ್ಣ, ಬೇಗ ಇಳಿಯಲಿಕ್ಕುಂಟು.”

“ನಿನಗೆ ಸಾಕು, ಬಸ್ಸಿಗೆ ಸಾಲದು. ಖಾಲಿ ಬಸ್ಸಿಗೆ ಜನ ಹತ್ತುವುದಿಲ್ಲ ಮಾರಾಯ. ಇದು ಯಾವಾಗ ಹೊರಡ್ತದೋ ಅಂತ ಹಿಂದಿನದ್ದಕ್ಕೆ ಹೋಗ್ತಾರೆ. ಕಿಟಕಿಗೆ ನಾಲ್ಕು ಜನರನ್ನು ಕೂರಿಸಿದರೆ ಹೊರಗಿಂದ ತುಂಬಿದ ಹಾಗೆ ಕಾಣ್ತದೆ. ಐದನೆಯವ ತಾನೇ ಹತ್ತುತ್ತಾನೆ.”

ಆಟಗಳ ವಿಷಯದಲ್ಲೂ ಅವನದ್ದು ಅದೇ ಲೆಕ್ಕ. ಕಾರ್ಕಳದ ಬಿಡುವಿನಲ್ಲಿ ಉಳಿದವರು ನಿದ್ದೆ ಹೊಡೆದರೆ ಭುಜಂಗ ಮಗಳ ಹಳೆಯ ಫೋನಿನಲ್ಲಿ ಆಟ ಹುಡುಕುತ್ತಿದ್ದ. ಎಲ್ಲರೂ ಆಡುವಂಥದ್ದಲ್ಲ, ಯಾವುದೋ ಊರಿನ ಒಬ್ಬರೋ ಇಬ್ಬರೋ ಕೂತು ಮಾಡಿದ್ದು, ಕೆಳಗೆ ಒಂದು ಅಭಿಪ್ರಾಯವೂ ಇಲ್ಲದೆ ಬಿದ್ದದ್ದು. ಆಡಿ ಮುಗಿಸಿ, ಹಿಡಿಸಿದರೆ ಕನ್ನಡದಲ್ಲೇ ಎರಡು ಸಾಲು ಬರೆಯುತ್ತಿದ್ದ. “ಕಿಟಕಿಗೆ ನಾನು ಕೂತೆ,” ಎನ್ನುತ್ತಿದ್ದ. ಮತ್ತೆ ಟಿಕೆಟು ಹರಿಯುತ್ತ ಹರಿಯುತ್ತ ಪ್ರಯಾಣಿಕರ ಹಿಂದೆ ಬೀಳುತ್ತಿದ್ದ.

“ಹಿರಿಯಡ್ಕವಾ? ತಗೊಳ್ಳಿ. ಒಂದು ಆಟ ಉಂಟು, ದೀಪಸ್ತಂಭದ್ದು. ನಮ್ಮ ಕಾಪುವಿನದ್ದರ ಹಾಗೇ. ನೀವು ಮಾಡಲಿಕ್ಕಿರುವುದು ದೀಪ ಒರೆಸುವುದು, ಅಷ್ಟೆ. ಹಡಗು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎಷ್ಟು ಚಂದ ಗೊತ್ತುಂಟಾ!”

“ನನ್ನ ಮನೆಯಲ್ಲಿ ಒರೆಸಿದ್ದು ಸಾಲದಾ ಭುಜಂಗಣ್ಣ?” ಎಂದು ಹೆಂಗಸರು ನಗುತ್ತಿದ್ದರು. ಚಿಲ್ಲರೆ ಬೇಗ ಕೊಟ್ಟು ಮುಂದೆ ಹೋಗು ಎಂದು ಗಂಡಸರು ಗದರುತ್ತಿದ್ದರು.

ಎಕ್ಸ್‌ಪ್ರೆಸ್ ಬಸ್ಸು, ಎಲ್ಲ ಸ್ಟಾಪಿಗೂ ನಿಲ್ಲುವುದಿಲ್ಲ. ನಿಲ್ಲದ ಕಡೆ ಯಾರಾದರೂ ಕೈ ಅಡ್ಡ ಹಿಡಿದರೆ ಭುಜಂಗ ಒಂದು ಸೀಟಿ ಹೊಡೆದು ಬಸ್ಸನ್ನು ನಿಧಾನ ಮಾಡಿಸಿ, ಮೆಟ್ಟಿಲಿಂದ ಬಾಗಿ ಅವರಿಗೆ ಏನೋ ಹೇಳುತ್ತಿದ್ದ. “ಹತ್ತಿಸದಿದ್ದ ಮೇಲೆ ಮಾತೆಂತಕ್ಕೆ?” ಎಂದು ಯೋಗೀಶ್ ಬೈಯುತ್ತಿದ್ದ. “ಸುಮ್ಮನೆ ಹೋದರೆ ಅವರಿಗೆ ಹೇಗಾಗ್ತದೆ?” ಎನ್ನುವುದು ಭುಜಂಗನ ಉತ್ತರ.

ಪ್ರತೀಕನ ಕಿವಿ ಚುರುಕು. ಮನೆಗೆ ಹೋಗಿ ಕನ್ನಡಿಯ ಮುಂದೆ ಆ ಸ್ವರ ತೆಗೆದ. ನಿಜದ್ದು ಸಪ್ಪೆ ಎನಿಸಿತು. ಸ್ವಲ್ಪ ಮೂಗು ಬೆರೆಸಿದ. ಇನ್ನೂ ಸ್ವಲ್ಪ ಎಳೆದ. ಆಟಗಳ ನಿಜವಾದ ಹೆಸರು ಹೇಳಿದರೆ ನಗು ಬರಲಿಲ್ಲ. ‘ಖಾಲಿ ಸೀಟ್ ಸಿಮ್ಯುಲೇಟರ್’ ಎಂದಾಗ ಬಂತು. ವಿಡಿಯೋ ಹಾಕಿದ ವಾರದಲ್ಲಿ ಚಾನೆಲ್ಲು ಓವರ್‌ಲೋಡು.

ಭುಜಂಗ ಬೇಸರಪಡಲಿಲ್ಲ. ಬಸ್ಸಿನಲ್ಲಿ ಫೋನು ಹಿಡಿದು ನೋಡಿ, ನಕ್ಕು, ಒಂದೇ ಮಾತು ಕೇಳಿದ: “ಆಟದ ಹೆಸರೊಂದು ಹೇಳಬಹುದಿತ್ತಲ್ಲ ಮಾರಾಯ?”

* * *

ಚಾವಡಿಯಲ್ಲಿ ಜನ ಹೆಚ್ಚಿರಲಿಲ್ಲ. ಕೆಲಸದ ದಿನ. ಬಸ್ಸಿನವರು ಟ್ರಿಪ್ಪಿನ ನಡುವೆ ಬಂದು, ಹಾರ ಹಾಕಿ, ಗಡಿಯಾರ ನೋಡಿಕೊಂಡು ಓಡುತ್ತಿದ್ದರು. ಪಕ್ಕದ ಮನೆಯಿಂದ ಫ್ಲಾಸ್ಕಿನಲ್ಲಿ ಚಾ ಬಂದಿತ್ತು.

ಚಟ್ಟ ಸಿದ್ಧವಾಗುವಷ್ಟರಲ್ಲಿ ಭುಜಂಗನ ಹೆಂಡತಿ ಕುಶಲಾ ತಲೆದಿಂಬಿನ ಬಳಿಯಿಂದ ಪ್ರತೀಕನನ್ನು ಕರೆದರು.

“ನೀವು ಅವರ ಹಾಗೆ ಮಾತಾಡ್ತೀರಲ್ಲ.”

ಪ್ರತೀಕ್ ತಲೆ ತಗ್ಗಿಸಿದ. ಬಂತು ಎಂದುಕೊಂಡ.

“ಒಮ್ಮೆ ಮಾತಾಡ್ತೀರಾ? ಎತ್ತುವ ಮೊದಲು.” ಕುಶಲಾ ಸೆರಗಿನಿಂದ ಮೂಗು ಒರೆಸಿಕೊಂಡರು. “ಫೋನಲ್ಲಿ ಫೋಟೋ ಬೇಕಾದಷ್ಟು ಉಂಟು, ಸ್ವರ ಇಲ್ಲ. ನಾನು ಹಿರಿಯಡ್ಕದಲ್ಲಿ ಬಸ್ಸಿಗೆ ಕಾಯುವಾಗ ಆ ಸ್ವರ ಕೇಳಿಯೇ ಮದುವೆಗೆ ಒಪ್ಪಿದ್ದು. ಮುಖ ನೋಡಿದ್ದು ಆಮೇಲೆ. ನಿನ್ನೆಯಿಂದ ನೆನಪು ಮಾಡ್ತಾ ಇದ್ದೇನೆ, ಬರುವುದಿಲ್ಲ. ಮಾತು ಬರ್ತದೆ, ಸ್ವರ ಬರುವುದಿಲ್ಲ.”

ಎಲ್ಲರೂ ಇವನತ್ತ ತಿರುಗಿದರು. ಪ್ರತೀಕ್ ಗಂಟಲು ಸರಿಮಾಡಿದ. ನೂರು ಸಲ ಮಾಡಿದ ಸ್ವರ. ಕಣ್ಣು ಮುಚ್ಚಿ ಬಾಯಿ ತೆರೆದ.

“ಮುಂದೆ ಹೋಗಿ, ಮುಂದೆ ಹೋಗಿ... ಜಾಗ ಉಂಟು...”

ಅಂಗಳದಲ್ಲಿ ಯಾರೋ ತಡೆಯಲಾಗದೆ ಕಿಸಕ್ಕೆಂದರು. “ಹಾಗೇ ಉಂಟು! ಏನೂ ವ್ಯತ್ಯಾಸ ಇಲ್ಲ!” ಎಂದರು ಚೆನ್ನಪ್ಪ.

ಕುಶಲಾ ಅವನ ಮುಖವನ್ನೇ ನೋಡಿದರು. “ಇದು ವಿಡಿಯೋದ್ದು ಅಲ್ವಾ? ಅವರು ಮೂಗಿನಲ್ಲಿ ಮಾತಾಡ್ತಿರಲಿಲ್ಲ.”

ಅವನು ಮತ್ತೆ ಪ್ರಯತ್ನಿಸಿದ. ಸ್ವರ ಇಳಿಸಿದ; ಮೂಗು ಬಂತು. ನಿಧಾನ ಮಾಡಿದ, ಎಳೆತ ಬಂತು. ಕನ್ನಡಿಯ ಮುಂದೆ ಸಪ್ಪೆ ಎಂದು ಬಿಟ್ಟದ್ದು ಯಾವುದು ಎಂದು ಒಳಗೆಲ್ಲ ತಡಕಾಡಿದ. ಅಲ್ಲಿ ತಾನು ಮಾಡಿಟ್ಟದ್ದು ಮಾತ್ರ ಇತ್ತು.

“ಬರ್ತಾ ಇಲ್ಲ ಕುಶಲಕ್ಕ.”

“ಇರಲಿ,” ಎಂದರು ಕುಶಲಾ. ತಪ್ಪು ತನ್ನದೇ ಎಂಬಂತೆ. “ನೀವು ಬಂದದ್ದೇ ದೊಡ್ಡದು. ಚಾ ಕುಡಿದ್ರಾ?”

* * *

ಕೊನೆಯ ಸಲ ಭೇಟಿಯಾದದ್ದು ಮಣಿಪಾಲದ ಸ್ಟಾಪಿನಲ್ಲಿ. ಪ್ರತೀಕನಿಗೆ ಆಗ ಬಸ್ಸು ಬೇಕಿರಲಿಲ್ಲ, ಸ್ಕೂಟರ್ ಬಂದಿತ್ತು. ಭುಜಂಗ ಮೆಟ್ಟಿಲಿನಿಂದಲೇ ಕೈ ಬೀಸಿ ನಿಲ್ಲಿಸಿದ.

“ಒಂದು ಏಡಿ ಆಟ ಉಂಟು. ‘ಶೆಲ್ ಟು ಲೆಟ್’ ಅಂತ ಹೆಸರು. ಅಕ್ಕತಂಗಿ ಇಬ್ಬರು ಮಾಡಿದ್ದು, ಯಾವುದೋ ಚಳಿ ದೇಶದವರು. ಏಡಿಗೆ ಸ್ವಂತ ಚಿಪ್ಪಿಲ್ಲ, ಬಾಡಿಗೆಯದ್ದು. ಮೈ ಬೆಳೆದ ಹಾಗೆ ದೊಡ್ಡದು ಹುಡುಕಬೇಕು. ಬಿಟ್ಟು ಹೋಗುವ ಚಿಪ್ಪನ್ನು ಒರೆಸಿ ಹೋದರೆ ಹಿಂದೆ ಬರುವ ಸಣ್ಣ ಏಡಿ ಬದುಕ್ತದೆ. ಅದನ್ನು ನೀನು ನೋಡುವುದೇ ಇಲ್ಲ. ಬಿಟ್ಟು ಹೋಗ್ತೀ, ಅಷ್ಟೆ. ನಾನು ಎರಡು ಸಲ ಅತ್ತೆ ಮಾರಾಯ, ಬಸ್ಸಿನಲ್ಲಿ ಕೂತು!”

“ಚಿಪ್ಪು ಖಾಲಿ ಉಂಟು, ಚಿಪ್ಪು ಖಾಲಿ ಉಂಟು!” ಪ್ರತೀಕನ ಮೂಗು ತಾನಾಗಿಯೇ ಎಳೆಯಿತು.

ಭುಜಂಗ ನಕ್ಕ. “ಅದಲ್ಲ. ಈ ಸಲ ತಮಾಷೆ ಬೇಡ. ಯಾರೂ ಆಡ್ತಾ ಇಲ್ಲ, ಈ ತಿಂಗಳಿಗೆ ತೆಗೀತೇವೆ ಅಂತ ಅವರು ಹಾಕಿದ್ದಾರೆ. ನನ್ನಂಥವ ಕಿಟಕಿಗೆ ಕೂತರೆ ಯಾರಿಗೂ ಕಾಣುವುದಿಲ್ಲ. ನೀನು ಕೂತರೆ ಬಸ್ಸೇ ತುಂಬಿದ ಹಾಗೆ ಕಾಣ್ತದೆ. ನಿನ್ನ ಸ್ವರದಲ್ಲೇ ಹೇಳು. ನನ್ನದ್ದು ಬೇಡ.”

“ಮಾಡುವ ಭುಜಂಗಣ್ಣ. ಈ ವಾರ.”

ಆ ವಾರ ಯಾವುದೋ ದೊಡ್ಡ ಆಟ ಬಿಡುಗಡೆಯಾಯಿತು. ಮುಂದಿನ ವಾರ ಜಾಹೀರಾತಿನವರು ಬಂದರು. ಅದರ ಮುಂದಿನ ವಾರ ಸುಮ್ಮನೆ ಮರೆತುಹೋಯಿತು.

* * *

ಹೆಣ ಆಂಬುಲೆನ್ಸಿನಲ್ಲಿ, ಚೆನ್ನಪ್ಪ ಅದರ ಮುಂದಿನ ಸೀಟಿನಲ್ಲಿ. ಮಗಳು ವಿಜೇತಾಳೇ ಬೆಂಕಿ ಇಡುವುದೆಂದು ಬೆಳಗ್ಗೆಯೇ ತೀರ್ಮಾನವಾಗಿತ್ತು. “ನಾನು ಅಪ್ಪನ ಬಸ್ಸಿನಲ್ಲಿ ಬರ್ತೇನೆ,” ಎಂದು ಅವಳು ಹಿಂಬಾಗಿಲಿನಿಂದ ಹತ್ತಿದಳು. ಕುಶಲಾ ಹೆಂಗಸರೊಂದಿಗೆ ಮನೆಯ ಮೆಟ್ಟಿಲಲ್ಲೇ ಉಳಿದರು.

ಹತ್ತಿದವರು ಕೆಲವೇ ಜನ. ಎಲ್ಲರೂ ಮುಂದಿನ ಎರಡು ಸಾಲುಗಳಲ್ಲಿ ಗುಂಪಾಗಿ ಕೂತರು. ಯೋಗೀಶ್ ಎಂಜಿನ್ ಚಾಲೂ ಮಾಡಿದ. ಕನ್ನಡಿಯಲ್ಲಿ ಉದ್ದಕ್ಕೂ ಖಾಲಿ ಸೀಟು. ಎಂಜಿನ್ ಬಂದ್ ಮಾಡಿ ತಿರುಗಿದ.

“ಹೀಗೆ ಕೂರಬೇಡಿ ಮಾರಾಯ್ರೇ. ಅವನಿಗೆ ಆಗುವುದಿಲ್ಲ. ಕಿಟಕಿಗೆ ಕೂತುಕೊಳ್ಳಿ. ಒಬ್ಬೊಬ್ಬರು ಒಂದೊಂದು ಕಿಟಕಿಗೆ.”

ಎಲ್ಲರೂ ಎದ್ದು, ಹಿಂದಿನವರೆಗೂ ಹರಡಿ ಕೂತರು. ವಿಜೇತಾ ನಡುವಿನ ಸಾಲಿನಲ್ಲಿ. ಪ್ರತೀಕ್ ಕೊನೆಯ ಸೀಟಿನಲ್ಲಿ, ಹಿಂಬಾಗಿಲಿಗೆ ತಾಗಿ. ಇಳಿದು ಎರಡು ತಟ್ಟುವವರಿರಲಿಲ್ಲ. ಯೋಗೀಶ್ ಸ್ವಲ್ಪ ಹೊತ್ತು ಕಾದ. ಆಮೇಲೆ ತಾನೇ ಹೊರಗೆ ಕೈ ಚಾಚಿ ತಗಡನ್ನು ಎರಡು ಸಲ ತಟ್ಟಿ, ಗೇರ್ ಹಾಕಿದ.

ವಿಜೇತಾ ಅಪ್ಪನ ಫೋನು ಹಿಡಿದಿದ್ದಳು. ತಿರುಗಿ ಕೇಳಿದಳು: “ನಿಮಗೆ ಏಡಿ ಆಟ ಬೇಕಿತ್ತಾ? ಇದರಲ್ಲಿ ಮಾತ್ರ ಉಂಟು. ಬೇರೆಲ್ಲೂ ಸಿಗುವುದಿಲ್ಲ, ಹೋದ ವಾರ ತೆಗೆದ್ರು.”

“ಭುಜಂಗಣ್ಣ ಎಂತ ಹೇಳಿದ್ರು?”

“ಎಂತ ಇಲ್ಲ. ಪ್ರತೀಕನಿಗೆ ಪುರುಸೊತ್ತು ಆಗಿಲ್ಲ, ಪಾಪ ಅಂದ್ರು.”

ಮುಂದಿನಿಂದ ಯೋಗೀಶ್ ಕನ್ನಡಿಯಲ್ಲೇ ನೋಡುತ್ತ ಮಾತು ಸೇರಿಸಿದ. “ನಿನಗೆ ಆಗ ಸ್ವರ ಸಿಗಲಿಲ್ಲ ಅಲ್ವಾ? ಸಿಗುವುದು ಹೇಗೆ? ಅವನು ಕೂಗುವುದು ಬಿಟ್ಟು ಬಹಳ ಕಾಲವಾಯಿತು. ಬಾಯಿ ತೆರೆದರೆ ಹಿಂದಿನ ಸೀಟಿನ ಮಕ್ಕಳು ನಿನ್ನ ಡೈಲಾಗ್ ಹೊಡೀತಿದ್ದರು. ಮೊದಮೊದಲು ನಗ್ತಿದ್ದ. ಆಮೇಲೆ ಸೀಟಿ ಮಾತ್ರ. ಮಕ್ಕಳ ತಪ್ಪಲ್ಲ, ಖುಷಿಗೆ ಮಾಡುವುದು ಅಂತಿದ್ದ.” ತಿರುವಿಗೆ ಸ್ಟೇರಿಂಗ್ ಸುತ್ತುತ್ತ ಹೇಳಿದ, “ಆದರೆ ಬಸ್ಸು ಬೋರಾಗಿತ್ತು ಮಾರಾಯ.”

ಪ್ರತೀಕ್ ಕಿಟಕಿಯ ಸರಳು ಹಿಡಿದು ಹೊರಗೆ ನೋಡಿದ. ಆಂಬುಲೆನ್ಸು ಮುಂದೆ ತಿರುವಿನಲ್ಲಿ ಮರೆಯಾಗಿತ್ತು. ಮುಂಗಾಜಿನ ಕಾರ್ಕಳದ ಬೋರ್ಡು ತೆಗೆಯಲು ಯೋಗೀಶ್ ಮರೆತಿದ್ದ. ದೇವಸ್ಥಾನದ ಹತ್ತಿರದ ಸ್ಟಾಪಿನಲ್ಲಿ ಬಿಸಿಲಿಗೆ ನಿಂತಿದ್ದ ಹೆಂಗಸೊಬ್ಬಳು ಬೋರ್ಡು ನೋಡಿದಳು, ಎಲ್ಲ ಕಿಟಕಿಯಲ್ಲೂ ತಲೆಗಳನ್ನು ನೋಡಿದಳು, ಕೈಚೀಲ ಎತ್ತಿ ಕೈ ಅಡ್ಡ ಹಿಡಿದಳು.

ಅಭ್ಯಾಸಬಲದಿಂದ ಯೋಗೀಶನ ಕಾಲು ಬ್ರೇಕಿಗೆ ಹೋಯಿತು. ಬಸ್ಸು ಬುಸ್ ಎಂದು ನಿಧಾನವಾಯಿತು. ಸೀಟಿ ಇಲ್ಲ. ಹೆಂಗಸು ಓಡುತ್ತ ಹಿಂಬಾಗಿಲಿನ ಹತ್ತಿರ ಬಂದಳು.

ಪ್ರತೀಕ್ ಕಿಟಕಿಯಿಂದ ಬಾಗಿದ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ.

“ಇದು ಹೋಗುವುದಿಲ್ಲಮ್ಮಾ. ಬಿಸಿಲಿಗೆ ನಿಲ್ಲಬೇಡಿ. ಹಿಂದೆ ಇನ್ನೊಂದು ಉಂಟು.”

ತಗ್ಗಿದ ದನಿ. ಮೂಗಿಲ್ಲ, ಎಳೆತವಿಲ್ಲ, ಪಕ್ಕದ ಮನೆಯವರಿಗೆ ಹೇಳುವಂಥ, ಸ್ವಲ್ಪ ಸಪ್ಪೆಯಾದ ದನಿ. ಹೆಂಗಸು ಸರಿ ಎಂದು ತಲೆಯಾಡಿಸಿ ನೆರಳಿಗೆ ಸರಿದಳು.

ಯೋಗೀಶ್ ಗೇರ್ ಬದಲಿಸಲಿಲ್ಲ. ನಡುವಿನ ಸಾಲಿನಲ್ಲಿ ಕೂತಿದ್ದ ವಿಜೇತಾ ತಟ್ಟನೆ ಎದ್ದುನಿಂತು, ಅಪ್ಪ ನಿಲ್ಲುತ್ತಿದ್ದ, ಈಗ ಖಾಲಿಯಿದ್ದ ಹಿಂಬಾಗಿಲಿನ ಮೆಟ್ಟಿಲನ್ನು ನೋಡಿದಳು.