ಅರ್ಧ ರೊಟ್ಟಿ

ಎದುರು ಮನೆಯ ಸಾಯಬಮ್ಮ ಬಸುರಿ ಸೊಸೆಯನ್ನು ಉಪವಾಸ ಕೆಡವುತ್ತಾಳೆಂದು ಓಣಿಯೆಲ್ಲ ಆಡಿಕೊಳ್ಳುತ್ತಿತ್ತು. ನನಗೆ ನಂಬಿಕೆ ಬರಲಿಲ್ಲ. ಏಳು ತಿಂಗಳ ಬಸುರಿ ಸೊಸೆ ರಾಧಿಕಾಳಿಗೆ ಆಕೆ ನೀರಿನ ಕೊಡ ಮುಟ್ಟಗೊಡುವುದಿಲ್ಲ. ಬೆಳಿಗ್ಗೆ ಕಟ್ಟೆಯ ಮೇಲೆ ಕೂಡಿಸಿ, ಎಣ್ಣೆ ಹಚ್ಚಿ, ನೋವಾಗದಂತೆ ಸಿಕ್ಕು ಬಿಡಿಸುತ್ತಾಳೆ. ತಾಯಿ ತೀರಿಹೋದ ಹುಡುಗಿಗೆ ಚೊಚ್ಚಲ ಹೆರಿಗೆಗೆ ತವರಿಲ್ಲ. ಅದಕ್ಕೇ ತಾನೇ ತವರಾಗಿ ನಿಂತವಳು ಸಾಯಬಮ್ಮ.

ಆದರೆ ಯಾದಗಿರಿಯ ದವಾಖಾನೆಯಲ್ಲಿ ರಾಧಿಕಾಳ ರಕ್ತದ ಹಿಮೋಗ್ಲೋಬಿನ್ ನೋಡಿದಾಗ ಏಳೂವರೆ ಇತ್ತು. ಹನ್ನೊಂದಾದರೂ ಬೇಕು. ಹೆರಿಗೆಗೆ ಮುಂಚೆ ಏರದಿದ್ದರೆ ಜೀವಕ್ಕೇ ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅದನ್ನು ಕೇಳಿದ ಮರುದಿನ ಮಧ್ಯಾಹ್ನ ನಾನು ಅವರ ಮನೆಗೆ ಹೋದೆ.

ರಾಧಿಕಾ ಉಣ್ಣುತ್ತಿದ್ದಳು. ತಾಟಿನಲ್ಲಿ ಅರ್ಧ ಜೋಳದ ರೊಟ್ಟಿ, ತಳ ಕಾಣುವಂಥ ಸಾರು.

"ಬರ್ರಿ ಬಾಯಾರ, ಕೂಡ್ರಿ," ಎಂದಳು ಸಾಯಬಮ್ಮ. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದ್ದಕ್ಕೆ ಓಣಿಗೆಲ್ಲ ನಾನು ಬಾಯಾರು.

"ಹುಡುಗಿಗಿ ಇಷ್ಟ ಸಾಕೇನು ಸಾಯಬಮ್ಮ?"

"ಸಾಕ್ರಿ. ಹೆಚ್ಚು ಉಂಡ್ರ ಹೊಟ್ಟ್ಯಾಗ ಕೂಸು ಬೆಳೀತದ. ದೊಡ್ಡ ಕೂಸು ಹೆರಾಕ ಈ ಕಡ್ಡಿಯಂಥಾಕಿಗಿ ಆಗ್ತದೇನು?"

ರಾಧಿಕಾ ನಕ್ಕಳು. "ನಿನ್ನ ಮಗ ಗಾಳಕ್ಕ ಹಚ್ಚೋ ಹಿಟ್ಟು ಇದಕ್ಕಿಂತ ಜಾಸ್ತಿ ಇರ್ತದ ಅತ್ತಿ. ಮೀನಾಗಿ ಹುಟ್ಟಬೇಕಿತ್ತು ನಾ."

"ಬಾಯಿ ನೋಡ್ರಿ ಇದ್ರದು! ಮೈಯಾಗ ರಕ್ತಿಲ್ಲ, ಬಾಯಾಗ ಎಷ್ಟದ!"

ಒಲೆಯ ಬದಿಗೆ ಸಾಯಬಮ್ಮನ ತಾಟಿತ್ತು. ಅದರಲ್ಲಿ ಆ ರೊಟ್ಟಿಯ ಇನ್ನರ್ಧ. ಸೊಸೆ ಅರೆಹೊಟ್ಟೆಯಲ್ಲಿರುವಾಗ ತಾನೂ ಅರೆಹೊಟ್ಟೆ. ಸಿಟ್ಟು ಮಾಡಲೆಂದೇ ಹೋಗಿದ್ದ ನಾನು ರಾಧಿಕಾಳ ಪಕ್ಕ ಕೂತೆ.

"ನಮ್ಮೂರು ಭೀಮಾ ಹೊಳಿ ದಂಡಿಗಿ ಅದರಿ," ಎಂದಳು ರಾಧಿಕಾ ನನ್ನ ಕಡೆ ತಿರುಗಿ. "ಅವ್ವ ಹುಣಸಿ ಹಿಂಡಿ ಸಣ್ಣ ಮೀನಿನ ಸಾರು ಮಾಡ್ತಿದ್ಳು. ಈಗ ಕನಸಿನ್ಯಾಗ ಅದರ ವಾಸನಿ ಬರ್ತದ. ಎಚ್ಚರಾದ್ರ ಬಾಯಾಗೂ ನೀರು, ಕಣ್ಣಾಗೂ ನೀರು." ಆಕೆಯ ಗಂಡ ಹಣಮೇಶ ದಿನಾ ಅದೇ ಹೊಳೆಯ ಮೀನು ಹಿಡಿದು ಪೇಟೆಗೆ ಒಯ್ಯುತ್ತಾನೆ. ಬಸುರಿಯ ತಾಟಿಗೆ ಮೀನು ಬೇಡವೆಂದು ಅವನಿಗೆ ತಾಯಿಯ ಕಟ್ಟಪ್ಪಣೆ.

"ರಕ್ತ ಏರಬೇಕಾದ್ರ ಉಣ್ಣಬೇಕು ಸಾಯಬಮ್ಮ."

"ನನ್ನ ಕರೆಮ್ಮ ಉಂಡಿದ್ಳಲ್ರಿ, ಹೊಟ್ಟಿ ಬಿರಿಯೋಹಂಗ. ಏನಾತು?"

ಏನಾಯಿತೆಂದು ಓಣಿಗೆಲ್ಲ ಗೊತ್ತು. ಒಂಬತ್ತು ವರ್ಷದ ಹಿಂದೆ ಹೆರಿಗೆಗೆ ಬಂದ ಮಗಳು ದವಾಖಾನೆಯಿಂದ ತಿರುಗಿ ಬರಲಿಲ್ಲ, ಕೂಸೂ ಉಳಿಯಲಿಲ್ಲ. ಕೂಸು ದೊಡ್ಡದಿತ್ತಂತೆ ಎಂದು ಯಾರೋ ಅಂದರು. ಸಾಯಬಮ್ಮ ಆ ಮಾತನ್ನೇ ಹಿಡಿದುಕೊಂಡಿದ್ದಳು.

ಆಕೆ ಒಳಗೆ ಹೋಗಿ, ಟ್ರಂಕಿನಿಂದ ಸೀರೆಯ ತುಂಡಿನಲ್ಲಿ ಸುತ್ತಿದ ಕಾರ್ಡೊಂದನ್ನು ತಂದಳು. ಬಸುರಿಯರಿಗೆ ಸರಕಾರ ಕೊಡುವ ತಾಯಿ ಕಾರ್ಡು, ಕರೆಮ್ಮನದು. "ನನಗ ಓದಾಕ ಬರಂಗಿಲ್ಲ. ನೀವ ಓದಿ ಈಕಿಗಿ ಹೇಳ್ರಿ, ಕೂಸು ಎಷ್ಟು ದೊಡ್ಡದಿತ್ತಂತ. ಅಂದ್ರ ನಾ ಕೆಟ್ಟಾಕಿ ಅಲ್ಲಂತ ತಿಳೀತದ."

ಶಾಯಿ ಅಲ್ಲಲ್ಲಿ ಮಾಸಿತ್ತು, ಆದರೂ ಓದಲು ಬರುತ್ತಿತ್ತು. ರಕ್ತ ಆರು. ಕೂಸಿನ ತೂಕ ಒಂದು ಕಿಲೋ ಎಂಟುನೂರು ಗ್ರಾಂ.

ಅಕ್ಷರ ಅಳಿಸಿದೆ ಎಂದುಬಿಡಬಹುದಿತ್ತು. ಆ ತಾಯಿಗೆ ಒಂಬತ್ತು ವರ್ಷದ ನಂಬಿಕೆಯಾದರೂ ಉಳಿಯುತ್ತಿತ್ತು. ತಲೆ ಎತ್ತಿದೆ. ರಾಧಿಕಾ ರೊಟ್ಟಿಯ ಕೊನೆಯ ಚೂರಿನಿಂದ ತಾಟು ಒರೆಸುತ್ತಿದ್ದಳು. ಇದ್ದದ್ದನ್ನು ಇದ್ದಂತೆ ಓದಿದೆ.

ಸಾಯಬಮ್ಮ ಎರಡೂ ಅಂಗೈ ಮುಂದೆ ಚಾಚಿ, ತಕ್ಕಡಿಯಂತೆ ಮೆಲ್ಲಗೆ ತೂಗಿ ನೋಡಿದಳು.

"ಹಣಮೇಶ ತರೋ ಒಂದು ಮೀನಿನಷ್ಟೂ ಇರಲಿಲ್ಲಾ ಬಾಯಾರ?"

ನಾನು ಕಾರ್ಡು ಮಡಿಚಿ ಆಕೆಯ ಕೈಗಿಟ್ಟೆ.

"ಹಂಗಾರ ನಾ ಆಕಿಗಿ ಉಣಿಸಿದ್ದು ಎಲ್ಲಿ ಹೋತು?"

"ಏನೇನು ಉಣಿಸಿದ್ರಿ?"

"ಬಿಳಿ ಅನ್ನ. ಮೂರು ಹೊತ್ತೂ. ಮಗಳು ತವರಿಗಿ ಬಂದಾಳ, ಆಕಿಗ್ಯಾಕ ಜ್ವಾಳದ ರೊಟ್ಟಿ, ಪುಂಡಿಪಲ್ಯ, ಬಡವರ ಊಟ ಅಂತ. ಅನ್ನದ ಮ್ಯಾಲ ಸಕ್ಕರಿ. ರಕ್ತದ ಗುಳಿಗಿ ನುಂಗಿದ ಕೂಡ್ಲೆ ಚಹಾ. ರಾಣಿಹಂಗ ನೋಡಿಕೊಂಡೆ ಬಾಯಾರ."

"ಹೊಟ್ಟಿ ತುಂಬ್ಯದ, ರಕ್ತ ತುಂಬಿಲ್ಲ," ಎಂದೆ. "ಅನ್ನ ಬರೇ ಕಸುವು ಕೊಡ್ತದ. ಮೈ ಕಟ್ಟಾಕ ಬ್ಯಾಳಿ, ಕಾಳು, ಮೀನು ಬೇಕು. ರಕ್ತಕ್ಕ ಸೊಪ್ಪು, ಅದರ ಮ್ಯಾಲ ನಿಂಬಿಹಣ್ಣು. ಚಹಾ ಗುಳಿಗಿಯ ಗುಣ ತಿಂದುಬಿಡ್ತದ. ನೀವು ಕಡಿಮಿ ಕೊಡಲಿಲ್ಲ ಸಾಯಬಮ್ಮ. ಒಂದ ನಮೂನಿದು ಕೊಟ್ರಿ, ಅಷ್ಟ."

"ಯಾರೂ ಹೇಳಲಿಲ್ಲ ನನಗ."

ಹೇಳಬೇಕಾದವಳು ನಾನು, ಹತ್ತು ಹೆಜ್ಜೆಯ ಆಚೆಗೇ ಇದ್ದೆ. ಶಾಲೆಯ ಗೋಡೆಗೆ ಸಮತೋಲನ ಆಹಾರದ ಪಟ ತೂಗುಹಾಕಿ, ನಮ್ಮ ಮಕ್ಕಳು ಕಂಡಿರದ ಸೇಬು, ದ್ರಾಕ್ಷಿಯ ಚಿತ್ರಕ್ಕೆ ಕೋಲು ಮುಟ್ಟಿಸಿ ಪಾಠ ಮಾಡುತ್ತಿದ್ದೆ. ಸಂಜೆ ಮನೆಗೆ ಬಂದರೆ ಬಸುರಿ ಕರೆಮ್ಮ ನಮ್ಮ ಹಿತ್ತಲ ಗೋಡೆಯ ಮಣ್ಣು ಕೆರೆದು ತಿನ್ನುತ್ತಿದ್ದಳು. ರಕ್ತ ಕಡಿಮೆಯಾದವರು ಹಾಗೆ ಮಣ್ಣು ಬಯಸುತ್ತಾರೆಂದು ಓದಿಕೊಂಡವಳು ನಾನು. "ಗೋಡಿ ಬೀಳಸ್ತೀಯೇನ ಹುಡುಗಿ?" ಎಂದು ನಕ್ಕಿದ್ದೆ. ಆಕೆಯೂ ಬಾಯಿ ಒರೆಸಿಕೊಂಡು ನಕ್ಕಿದ್ದಳು. ಅದಷ್ಟನ್ನೂ ಈಗ ಸಾಯಬಮ್ಮನಿಗೆ ಹೇಳಿದೆ. ಆಕೆ ನನ್ನನ್ನು ಬೈಯಲಿಲ್ಲ. ಕಾರ್ಡನ್ನು ಮತ್ತೆ ಸುತ್ತಿಟ್ಟು, ಒಂದು ತಂಬಿಗೆ ನೀರು ತಂದು ನನ್ನ ಮುಂದಿಟ್ಟಳು.

ಎರಡು ದಿನ ಆ ಮನೆಯ ಬಾಗಿಲು ಮುಚ್ಚಿತ್ತು. ಮೂರನೆಯ ದಿನ ರೊಟ್ಟಿ ಬಡಿಯುವ ಸಪ್ಪಳ ಓಣಿಗೆಲ್ಲ ಕೇಳಿತು.

"ಬಾಯಾರ, ಬರ್ರಿ ಇಲ್ಲಿ! ನೋಡಿ ಹೇಳ್ರಿ, ಇನ್ನೇನು ಬೇಕು?"

ರಾಧಿಕಾಳ ಮುಂದೆ ತಾಟಿತ್ತು. ಎರಡು ಬಿಸಿ ರೊಟ್ಟಿ, ಹುಳಿಸೊಪ್ಪಿನ ಪುಂಡಿಪಲ್ಯ, ಹೆಸರುಕಾಳು, ಹುಣಸೆ ಹಿಂಡಿದ ಸಣ್ಣ ಮೀನಿನ ಸಾರು, ನಿಂಬೆಯ ಹೋಳು. ಮೀನು ಮುಟ್ಟದ ನನಗೂ ಆ ವಾಸನೆ ಹಿತವೆನಿಸಿತು. ಹುಡುಗಿ ಮಾತೇ ಆಡದೆ ಉಣ್ಣುತ್ತಿದ್ದಳು. ಸಾಯಬಮ್ಮ ಬರಿಗೈಲಿ ಕೂತು ಅವಳ ಬಾಯನ್ನೇ ನೋಡುತ್ತಿದ್ದಳು.

"ಇನ್ನೊಂದು ತಾಟು ಬೇಕು," ಎಂದೆ. "ನಿಮಗ."

"ನನಗ್ಯಾಕ್ರಿ?"

ರಾಧಿಕಾ ರೊಟ್ಟಿ ಮುರಿದು, ಪಲ್ಯ ಸುತ್ತಿ ಅತ್ತೆಯ ಬಾಯಿಗೆ ಹಿಡಿದಳು. "ಉಣ್ಣ ಅತ್ತಿ, ನಾಳಿ ಕೂಸು ಎತ್ತಿಕೊಳ್ಳಾಕ ನಿನಗೂ ಕಸುವು ಬ್ಯಾಡೇನು?"

ಸಾಯಬಮ್ಮ ಬಾಯಿ ತೆರೆದಳು. ಮೆಲ್ಲಗೆ ಅಗಿದಳು. ಪುಂಡಿಯ ಹುಳಿಗೆ ಕಣ್ಣು ಕಿರಿದಾದವು, ಹಾಗೇ ತುಂಬಿಕೊಂಡವು.

"ಕರೆಮ್ಮಗ ಪುಂಡಿಪಲ್ಯ ಅಂದ್ರ ಜೀವ," ಎಂದಳು. "ದಿನಾ ಕೇಳ್ತಿದ್ಳು ಬಾಯಾರ. ದಿನಾ."